ಹಬೆ ಏಳುವವರೆಗಿನ ಭಾಷಣ

ಸಮಾಜವನ್ನು ತಿದ್ದಬೇಕೆಂದು ಹೊರಟ ಮನುಷ್ಯನಿಗೆ ಎದುರಾಗುವ ಮೊದಲ ತೊಡಕು ಸಮಾಜವಲ್ಲ, ಸಮಯ. ತಿದ್ದಬೇಕಾದದ್ದು ಅಪಾರ, ಅದನ್ನು ಹೇಳಲು ಸಂಘಟಕರು ಕೊಡುವುದು ಹತ್ತೇ ನಿಮಿಷ. ವರದಕ್ಷಿಣೆ, ಕಾಲುವೆಗೆ ಕಸ ಸುರಿಯುವ ಚಟ, ಮದುವೆಮನೆಯ ಎಲೆಯಲ್ಲಿ ಅನ್ನ ಬಿಡುವ ಠೀವಿ, ಇವೆಲ್ಲವನ್ನೂ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಲ್ಲವನು ಒಂದೋ ಮಹಾಪ್ರತಿಭಾವಂತನಾಗಿರಬೇಕು, ಇಲ್ಲವೇ ಆ ವಿಷಯಗಳಲ್ಲಿ ನಿಜವಾದ ಕಾಳಜಿ ಇಲ್ಲದವನಾಗಿರಬೇಕು. ನಾನು ಎರಡೂ ಅಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ವಾದವನ್ನು ಮಂಡಿಸುವುದನ್ನು ಕಲಿಸಿದರು, ಎದುರಾಳಿಯ ವಾದವನ್ನು ಖಂಡಿಸುವುದನ್ನು ಕಲಿಸಿದರು, ಖಂಡಿಸಿದ ಮೇಲೆ ಅವನ ಕೈ ಕುಲುಕುವುದನ್ನೂ ಕಲಿಸಿದರು. ನಿಲ್ಲಿಸುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಅದಕ್ಕೊಂದು ಗಂಟೆ ಇಟ್ಟಿದ್ದರು. ಹಾಗಾಗಿ ನಿಲ್ಲಿಸುವುದು ಗಂಟೆ ಬಾರಿಸುವವರ ಜವಾಬ್ದಾರಿಯೆಂದು ನಾನು ತಿಳಿದುಕೊಂಡೆ. ಈಗ ಹೊಸಪೇಟೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸುತ್ತೇನೆ, ಅಲ್ಲಿ ಪುಣ್ಯಕ್ಕೆ ಗಂಟೆ ಇದೆ. ಉಳಿದ ಸಭೆಗಳಲ್ಲಿ ಇಲ್ಲ. ಅಲ್ಲಿ ಸಂಘಟಕರು ಚೀಟಿ ಕಳಿಸುತ್ತಾರೆ. ಬಹಳ ಕಾಲ ನಾನು ಆ ಚೀಟಿಗಳನ್ನು ಸಭಿಕರ ಪ್ರಶ್ನೆಗಳೆಂದು ಭಾವಿಸಿ, 'ದಯವಿಟ್ಟು ಮುಗಿಸಿ' ಎಂಬುದಕ್ಕೂ ವಿವರವಾದ ಉತ್ತರ ಕೊಡುತ್ತಿದ್ದೆ.

ನನ್ನ ಭಾಷಣಗಳಲ್ಲಿ ಅತ್ಯಂತ ಬೇಡಿಕೆಯದು ಸ್ತ್ರೀಪುರುಷ ಸಮಾನತೆಯದು. ಮರಿಯಮ್ಮನಹಳ್ಳಿಯಿಂದ ಕಂಪ್ಲಿಯವರೆಗೆ ಅದನ್ನು ಕೇಳದ ಮಹಿಳಾ ಸಂಘವಿಲ್ಲ. ಹೆಣ್ಣು ಪ್ರವೇಶಿಸಲಾಗದ ಕ್ಷೇತ್ರವೆಂಬುದು ಈ ಭೂಮಿಯ ಮೇಲೆ ಇಲ್ಲವೆಂದು ನಾನು ಹೇಳುವಾಗ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ. ಹೀಗಿರಲು, ಕಳೆದ ವರ್ಷ ಒಂದು ಶನಿವಾರ ಸಂಜೆ ನನ್ನ ಹೆಂಡತಿ ಗಿರಿಜಾ, ಆಕೆ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ, ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕಿಟ್ಟು, "ರೀ, ನಾಳೆಯಿಂದ ಪ್ರತಿ ಭಾನುವಾರ ಗಾದಿಗನೂರಿಗೆ ಹೋಗ್ತೀನಿ. ಉಗಿಬಂಡಿಗೆ ಬೆಂಕಿ ಹಾಕೋದು ಕಲೀತೀನಿ" ಎಂದಳು. ಆ ಐತಿಹಾಸಿಕ ಕ್ಷಣದಲ್ಲಿ ನನ್ನ ಬಾಯಿಂದ ಬಂದ ಮಾತು ಇದು: "ಹಂಗಾರ ಮಧ್ಯಾಹ್ನದ ಊಟ?"

ಗಿರಿಜಾ ಸಿಟ್ಟಾಗಲಿಲ್ಲ. ಒಂದು ಲೆಕ್ಕಕ್ಕೆ ತಪ್ಪು ಉತ್ತರ ಬರೆದ ಬುದ್ಧಿವಂತ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನು ನೋಡಿ, "ರವಾ ಡಬ್ಬಿ ಮ್ಯಾಲಿನ ಸಾಲಿನಾಗ ಐತಿ" ಎಂದಳು. ನಾನು ಕೂಡಲೇ ಚೇತರಿಸಿಕೊಂಡು, ಊಟದ ಪ್ರಶ್ನೆಯನ್ನು ಕೇವಲ ಎದುರು ಪಕ್ಷದ ದೃಷ್ಟಿಯಿಂದ ಎತ್ತಿದ್ದೆನೆಂದೂ, ನನ್ನ ನಿಲುವು ಬೇರೆಯೆಂದೂ ಸ್ಪಷ್ಟಪಡಿಸಿದೆ. ಮರುದಿನದಿಂದ ಪ್ರತಿ ಭಾನುವಾರ ಉಪ್ಪಿಟ್ಟು ಮಾಡತೊಡಗಿದೆ. ನನ್ನ ಉಪ್ಪಿಟ್ಟು ತತ್ತ್ವದ ಮೇಲೆ ನಿಂತದ್ದು. ಚಮಚದ ಮೇಲೆ ನಿಲ್ಲುತ್ತಿರಲಿಲ್ಲ.

ಈ ಗಾದಿಗನೂರಿನ ಉಗಿಬಂಡಿ ಕೇಂದ್ರದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಊರಿನ ಹೊರಗೆ, ಹಿಂದೊಮ್ಮೆ ಸಂಡೂರಿನ ಕಡೆಯ ಅದಿರನ್ನು ವ್ಯಾಗನ್ನುಗಳಿಗೆ ತುಂಬುತ್ತಿದ್ದ ಒಂದು ಒಂಟಿ ಹಳಿ ಬಿದ್ದಿತ್ತು. ಅದರ ತುದಿಯ ತಗಡಿನ ಶೆಡ್ಡಿನಲ್ಲಿ ಒಂದು ಪುಟ್ಟ ಉಗಿಯೆಂಜಿನ್ನು ತುಕ್ಕು ಹಿಡಿಯುತ್ತ ನಿಂತಿತ್ತು. ಹೊಗೆಕೊಳವೆಯಲ್ಲಿ ಗುಬ್ಬಿಗಳು ಸಂಸಾರ ಹೂಡಿದ್ದವು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ವಿರೂಪಾಕ್ಷಪ್ಪನವರು ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿ ಅದನ್ನು ನೋಡಿದರಂತೆ. ಭತ್ತ ಬೇಯಿಸುವ ಬಾಯ್ಲರಿನ ಜೊತೆ ಜೀವನ ಕಳೆದ ಅವರಿಗೆ, ಬಾಯ್ಲರೊಂದಕ್ಕೆ ಚಕ್ರಗಳಿರುವುದೇ ಒಂದು ಸೌಭಾಗ್ಯವೆಂದು ಕಂಡಿತು. ಅವರು ರೈಲ್ವೆಯಲ್ಲಿ ಡ್ರೈವರಾಗಿ ನಿವೃತ್ತರಾದ ಮಹಬೂಬ್ ಸಾಹೇಬರನ್ನು ಹುಡುಕಿಕೊಂಡು ಹೋದರು. ಮರಿಯಮ್ಮನಹಳ್ಳಿಯ ಲಾರಿ ಗ್ಯಾರೇಜುಗಳ ವೆಲ್ಡರುಗಳು ಬಂದರು, ಹೊಸಪೇಟೆಯ ಅಂಗಡಿಕಾರರು ಬಂದರು, ಸಂಡೂರಿನ ಗಣಿಯಲ್ಲಿ ಫಿಟ್ಟರುಗಳಾಗಿದ್ದವರು ಬಂದರು. ಯಾರಿಗೂ ಸಂಬಳವಿಲ್ಲ, ಯಾರಿಗೂ ಭಾನುವಾರದ ರಜೆಯೂ ಇಲ್ಲ. ಕಲ್ಲಿದ್ದಲು ಸಿಗುವುದು ಕಷ್ಟವಾದಾಗ ವಿರೂಪಾಕ್ಷಪ್ಪನವರು ತಮ್ಮ ಗಿರಣಿಯ ಭತ್ತದ ಹೊಟ್ಟನ್ನು ಒತ್ತಿಸಿ ಕೊರಡುಗಳನ್ನಾಗಿ ಮಾಡಿಸಿ ತಂದರು. ಜಗತ್ತಿನಲ್ಲಿ ಕಲ್ಲಿದ್ದಲಿನಿಂದ ಓಡುವ ಉಗಿಬಂಡಿಗಳು ಎಷ್ಟೋ ಇರಬಹುದು. ಕಂಪ್ಲಿಯ ಭತ್ತದಿಂದ ಓಡುವುದು ಇದೊಂದೇ ಎಂದು ನಾನು ಯಾವ ವೇದಿಕೆಯ ಮೇಲಾದರೂ ವಾದಿಸಲು ಸಿದ್ಧ. ಎಂಜಿನ್ನಿಗೆ ಹಸಿರು ಬಣ್ಣ ಹೊಡೆದಿದ್ದಾರೆ. ಆದರೆ ದಶಕಗಳ ಅದಿರಿನ ಧೂಳು ಅದರ ಸಂದುಗೊಂದುಗಳಿಂದ ಇನ್ನೂ ಒಸರುತ್ತದೆ, ವಾರಕ್ಕೊಮ್ಮೆ ಒರೆಸಿದರೂ ಕೆಂಪಗೆ ಕಾಣುತ್ತದೆ. ಆದ್ದರಿಂದ ಅದರ ಹೆಸರು ಕೆಂಪವ್ವ.

ಹಬ್ಬದ ಸೀರೆಯುಟ್ಟವಳಂತೆ ನಿಂತ ಕೆಂಪವ್ವನನ್ನು ನಾನು ಮೊದಲ ಸಲ ನೋಡಿದ ದಿನ ವಿರೂಪಾಕ್ಷಪ್ಪನವರು ಅದರ ಮೈ ತಟ್ಟಿ, "ಹಂಪ್ಯಾಗಿನ ಕಲ್ಲಿನ ರಥ ನೋಡಾಕ ದುನಿಯಾ ಬರ್ತದ್ರಿ ಸರ. ಬರಲಿ, ಅದು ದೊಡ್ಡದು. ಆದ್ರ ನಿಂತಲ್ಲೇ ನಿಂತದ. ನಮ್ಮದು ಹೊಂಡ್ತದ" ಎಂದರು. ನನ್ನ ಕಣ್ಣು ತುಂಬಿಬಂತು. ಸರ್ಕಾರವನ್ನು ಕಾಯದೆ, ದಾನಿಯನ್ನು ಕಾಯದೆ, ಜನ ತಾವೇ ಕೂಡಿ ಒಂದು ವಸ್ತುವಿಗೆ ಜೀವ ಕೊಡುವುದೆಂದರೆ ನಾನು ಪಾಠದಲ್ಲಿ ಹೇಳುವ ಪ್ರಜಾಪ್ರಭುತ್ವವಲ್ಲದೆ ಮತ್ತೇನು? ಈ ವಿಚಾರವನ್ನು ವಿಸ್ತರಿಸಲು ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಂತೆ ಯಾರೋ ನನ್ನ ಕೈಗೆ ಒಂದು ಹಿತ್ತಾಳೆಯ ಕೊಳವೆ ಮತ್ತು ಹುಣಸೆಹಣ್ಣು ಕೊಟ್ಟರು. ಆ ಕೇಂದ್ರದ ಪದ್ಧತಿ ಅದು: ನೋಡಲು ಬಂದವರು ಯಾರೇ ಇರಲಿ, ಮೊದಲು ಏನಾದರೊಂದು ಕೆಲಸ ಮಾಡಬೇಕು, ಆಮೇಲೆಯೇ ಬೋಗಿಯಲ್ಲಿ ಕೂರಬೇಕು. ನಾನು ಹಿತ್ತಾಳೆ ಉಜ್ಜುತ್ತ ಶ್ರಮದ ಘನತೆಯ ಬಗ್ಗೆ ಮಾತನಾಡಿದೆ. ಮಾತು ಮುಗಿದಾಗ ಉಳಿದವರ ಕೊಳವೆಗಳೆಲ್ಲ ಬಂಗಾರದಂತೆ ಹೊಳೆಯುತ್ತಿದ್ದವು. ನನ್ನದರಲ್ಲಿ ಹೆಬ್ಬೆರಳಿನಷ್ಟು ಜಾಗ ಮಾತ್ರ ಬೆಳಗಿತ್ತು.

ಗಿರಿಜಾ ಮಾತನಾಡದೆ ಕಲಿತಳು. ಎಮ್ಮಿಗನೂರಿನ ಕಬ್ಬಿನ ಮನೆತನದ ಮಗಳು ಅವಳು. ಚಿಕ್ಕಂದಿನಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ತಳ್ಳಿ ಉರಿ ಹದ ಮಾಡಿದವಳು. ಉರಿಯ ಬಣ್ಣ ನೋಡಿ ಅದರ ಮನಸ್ಸನ್ನು ತಿಳಿಯುವ ವಿದ್ಯೆ ಅವಳಿಗೆ ತವರಿನಿಂದ ಬಂದದ್ದು, ಅದಕ್ಕೆ ಗಣಿತ ಕೂಡಿತ್ತು. ಮನೆಯಲ್ಲಿ ಮಸಿಯ ಯುಗ ಆರಂಭವಾಯಿತು. ಬಚ್ಚಲಿನ ಗೋಡೆಯಲ್ಲಿ ಮಸಿ, ಬಾಗಿಲ ಹಿಡಿಯಲ್ಲಿ ಮಸಿ, ನನ್ನ ಬಿಳಿ ಖಾದಿ ಜುಬ್ಬಾದ ಬೆನ್ನಿನಲ್ಲಿ ಐದು ಬೆರಳುಗಳ ಸ್ಪಷ್ಟವಾದ ಗುರುತು. ಆ ಜುಬ್ಬಾ ತೊಟ್ಟುಕೊಂಡೇ ನಾನೊಂದು ಅಹಿಂಸಾ ಸಮಾವೇಶದಲ್ಲಿ ಮಾತನಾಡಿ ಬಂದೆ. ನನ್ನ ಬೆನ್ನ ಹಿಂದೆ ಕುಳಿತಿದ್ದ ಗಣ್ಯರು ನನ್ನನ್ನು ಯಾರೋ ಬೆನ್ನಿಗೆ ಹೊಡೆದು ವೇದಿಕೆಗೆ ತಳ್ಳಿದ್ದಾರೆಂದು ತಿಳಿದರಂತೆ.

ಹೀಗೆ ಮಳೆಗಾಲ ಕಳೆದು ಚಳಿಯ ದಿನಗಳು ಬಂದವು. ಕೇಂದ್ರದವರು ಜನರಿಗಾಗಿ ಬಂಡಿ ಓಡಿಸುವುದು ಚಳಿಗಾಲದಲ್ಲಿ ಮಾತ್ರ. ಆ ಋತುವಿನ ಮೊದಲ ಓಟದ ದಿನವೇ ಮಹಬೂಬ್ ಸಾಹೇಬರು ಕಲಿತವರ ಪರೀಕ್ಷೆ ಮಾಡುತ್ತಾರೆ. ವರ್ಷಕ್ಕೆ ಒಂದೇ ಸಲ, ಒಬ್ಬರಿಗೇ. ಗೆದ್ದರೆ ಋತುವಿಡೀ ಬೆಂಕಿಯ ಹೊಣೆ ಅವರದು; ಸೋತರೆ ಇನ್ನೊಂದು ವರ್ಷ ಬೂದಿ ಬಾಚುವುದು. ಈ ಸಲದ ಸರದಿ ಗಿರಿಜಾಳದು. ಈವರೆಗೆ ಅಲ್ಲಿ ಹೆಂಗಸರು ಯಾರೂ ಪರೀಕ್ಷೆಗೆ ನಿಂತಿರಲಿಲ್ಲ. ಪರೀಕ್ಷೆಯ ನಿಯಮವನ್ನು ಸಾಹೇಬರು ನಮ್ಮ ಮನೆಯ ಜಗುಲಿಯಲ್ಲಿ ಚಹಾ ಕುಡಿಯುತ್ತ ವಿವರಿಸಿದ್ದರು.

"ನೋಡ್ರಿ ಸಾರ್, ಭಾಳ ಸಿಂಪಲ್. ಅತಿಥಿಗಳು ಭಾಷಣ ಮಾಡ್ತಾರ, ಮುಗಿಸಿ ಹಸಿರು ಬಾವುಟ ಎತ್ತತಾರ. ಎತ್ತಿದ ಕೂಡ್ಲೇ ಗಾಡಿ ಹೊಂಡಬೇಕು. ಹಬಿ ಸಾಲದ ನಿಂತರ ಫೇಲು. ಅದಕ್ಕೂ ಮೊದಲ ಹಬಿ ಹೆಚ್ಚಾಗಿ ವಾಲ್ವ್ ಹಾರ್ತು ಅಂದ್ರೂ ಫೇಲು. ಜಲ್ದಿ ಕಾಯಿಸಬಾರ್ದು, ತಡಾ ಮಾಡಬಾರ್ದು. ನಮ್ಮ ಸರ್ವೀಸಿನಾಗ ನಿಂತ ಗಾಡಿ ಪುಕ್ಕಟ ಹಬಿ ಉಗುಳಿದ್ರ ನಮಗ ಮಕ ತೋರ್ಸಾಕ ಆಗ್ತಿರ್ಲಿಲ್ಲ."

ಅದಾದ ಮರುದಿನವೇ ವಿರೂಪಾಕ್ಷಪ್ಪನವರು ಬಂದು, ಆ ವರ್ಷದ ಅತಿಥಿ ನಾನೇ ಆಗಬೇಕೆಂದು ಕೇಳಿಕೊಂಡರು. "ಹತ್ತು ನಿಮಿಷ ನಾಕು ಮಾತು ಆಡ್ರಿ ಸರ" ಎಂದು, ಯಾಕೋ ಗಿರಿಜಾಳ ಕಡೆ ನೋಡಿ, ಕೆಮ್ಮಿ, ಚಹಾ ಬೇಡವೆಂದು ಹೊರಟುಹೋದರು.

ಅಂದು ರಾತ್ರಿಯೂಟ ಮುಗಿಸಿದ ಮೇಲೆ ನಾನು ನನ್ನ ಜೀವನದ ಅತಿ ದೊಡ್ಡ ತ್ಯಾಗವನ್ನು ಸಂಕಲ್ಪಿಸಿದೆ. ನನ್ನ ತರ್ಕ ಹೀಗಿತ್ತು. ನಾನು ಮಾತನಾಡುವಷ್ಟು ಹೊತ್ತೂ ಗಿರಿಜಾ ಕುಲುಮೆಯಂಥ ಎಂಜಿನ್ನಿನೊಳಗೆ ಬೇಯುತ್ತಿರಬೇಕು. ನನ್ನ ಮಾತು ನನ್ನ ಮಾತಿನಂತೆಯೇ ಬೆಳೆದರೆ ಹಬೆ ಹೆಚ್ಚಾಗಿ ವಾಲ್ವು ಹಾರುತ್ತದೆ. ಗಂಡನ ನಾಲಿಗೆಯಿಂದ ಹೆಂಡತಿಯ ಒಂದು ವರ್ಷ ಹಾಳಾಗುತ್ತದೆ. ಆದ್ದರಿಂದ ನಾನು ಚಿಕ್ಕದಾಗಿ ಮಾತನಾಡಬೇಕು. ಹತ್ತು ನಿಮಿಷವಲ್ಲ, ಎರಡು ವಾಕ್ಯ. ಯಾರಿಗೂ ಹೇಳದೆ, ಗಿರಿಜಾಳಿಗೂ ಹೇಳದೆ, ಅದೊಂದು ಉಡುಗೊರೆಯಾಗಬೇಕು.

ಮಾತನ್ನು ಬೆಳೆಸುವುದು ಎಷ್ಟು ಸುಲಭವೆಂದು ತಿಳಿಯಬೇಕಾದರೆ ಅದನ್ನು ಕತ್ತರಿಸಿ ನೋಡಬೇಕು. ನಾನು ಮೊದಲು ಇತಿಹಾಸವನ್ನು ಕೈಬಿಟ್ಟೆ. ಒಂದು ದಿನವೆಲ್ಲ ಮನಸ್ಸು ಭಾರವಾಗಿತ್ತು. ಆಮೇಲೆ ಪರಿಸರವನ್ನು ಬಿಟ್ಟೆ. ಯುವಜನತೆಗೆ ಕರೆ ಕೊಡುವ ಭಾಗವನ್ನು ಬಿಡುವಾಗ ಬಚ್ಚಲಮನೆಯಲ್ಲಿ ನಿಂತು, ಕೊನೆಯದಾಗಿ ಒಮ್ಮೆ ಪೂರ್ತಿಯಾಗಿ ಹೇಳಿ ಬೀಳ್ಕೊಟ್ಟೆ. ಕಡೆಗೆ ಉಳಿದದ್ದು ಇಷ್ಟು: 'ಈ ಬಂಡಿಯನ್ನು ಎಬ್ಬಿಸಿದ ಕೈಗಳಿಗೆ ನನ್ನ ನಮಸ್ಕಾರ. ಮಾತು ಸಾಕು, ಗಾಡಿ ಹೊರಡಲಿ.' ಹೇಳಿಕೊಂಡಷ್ಟೂ ಸೊಗಸಾಗಿ ಕೇಳಿಸಿತು. ನನ್ನಂಥವನಿಂದ ಇಷ್ಟು ಚಿಕ್ಕ ಮಾತು ಬಂದಾಗ ಸಭೆಗೆ ಆಗುವ ಆಶ್ಚರ್ಯವನ್ನು ನೆನೆದು, ಸಂಕ್ಷೇಪದ ಮಹತ್ವದ ಬಗ್ಗೆಯೇ ಒಂದು ಭಾಷಣ ಸಿದ್ಧಪಡಿಸಬಹುದೆಂದೂ ಅನ್ನಿಸಿತು. ಕಷ್ಟಪಟ್ಟು ಅದನ್ನೂ ಹತ್ತಿಕ್ಕಿದೆ.

ಆ ಭಾನುವಾರ ಗಿರಿಜಾ ಕತ್ತಲಿರುವಾಗಲೇ ಹೋಗಿದ್ದಳು. ನಾನು ಎಮ್ಮಿಗನೂರಿನಿಂದ ಬಂದಿದ್ದ ನನ್ನ ಅತ್ತೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಹೊರಟೆ. ಅತ್ತೆಯವರಿಗೆ ಮಗಳ ಈ ಹೊಸ ವಿದ್ಯೆಯ ಬಗ್ಗೆ ಖಚಿತವಾದ ಅಭಿಪ್ರಾಯವಿರಲಿಲ್ಲ. "ಅಲ್ಲ ಅಳಿಯಂದ್ರ, ಬಿ.ಎಸ್ಸಿ. ಓದಿಸಿ, ಬಿ.ಎಡ್. ಓದಿಸಿ, ಕಡೀಕ ಮತ್ತ ಒಲಿ ಮುಂದನ ಕುಂದ್ರಿಸಿದ್ರ್ಯಲ್ಲ" ಎಂದು ದಾರಿಯುದ್ದಕ್ಕೂ ಕೊರಗಿದರು. ಆದರೆ ಶೆಡ್ಡಿನ ಹತ್ತಿರ ಇಳಿದು, ಎಂಜಿನ್ನಿನ ಮೇಲೆ ತಲೆಗೆ ಹತ್ತಿಯ ಬಟ್ಟೆ ಬಿಗಿದು ನಿಂತ ಮಗಳನ್ನು ಕಂಡೊಡನೆ, ಪಕ್ಕದಲ್ಲಿದ್ದ ಅಪರಿಚಿತರಿಗೆ, "ನನ್ನ ಮಗಳ್ರಿ ಅಕಿ. ಉರಿ ಹಾಕೋದು ನಾನ ಕಲ್ಸಿದ್ದು" ಎಂದು ಪರಿಚಯಿಸಿಕೊಂಡರು. ಅವರಿಗೂ ಪದ್ಧತಿಯಂತೆ ಕೆಲಸ ಸಿಕ್ಕಿತು, ಹೊಟ್ಟಿನ ಕೊರಡುಗಳನ್ನು ಎಣಿಸಿ ಕೊಡುವುದು. ಎಣಿಸುತ್ತ, ಒಣಗಿಲ್ಲದ ಕೊರಡುಗಳನ್ನು ಮೂಸಿ ನೋಡಿ ವಿರೂಪಾಕ್ಷಪ್ಪನವರ ಮುಖಕ್ಕೇ ಹಿಡಿಯುತ್ತಿದ್ದರು.

ಜನ ಚೆನ್ನಾಗಿ ಸೇರಿದ್ದರು. ಬೋಗಿಗೆ ಮಾವಿನ ಎಲೆ ಕಟ್ಟಿದ್ದರು. ಎಂಜಿನ್ನಿನ ಪಕ್ಕದಲ್ಲೇ ಮರದ ಸಣ್ಣ ವೇದಿಕೆ, ಮೈಕು. ಮಹಬೂಬ್ ಸಾಹೇಬರು ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ ಡ್ರೈವರನ ಜಾಗದಲ್ಲಿ ಕುಳಿತಿದ್ದರು. ಗಿರಿಜಾ ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತ, ಕೈ ಕಟ್ಟಿಕೊಂಡು, ಬಹಳ ನೆಮ್ಮದಿಯಿಂದ ನಿಂತಿದ್ದಳು. ಆ ನೆಮ್ಮದಿ ನನಗೆ ವಿಚಿತ್ರವಾಗಿ ಕಂಡಿತಾದರೂ, ಪಾಪ, ನನ್ನ ಉಡುಗೊರೆಯ ಸುಳಿವು ಹೇಗೋ ಸಿಕ್ಕಿರಬೇಕೆಂದುಕೊಂಡೆ. ನಾನು ಮೈಕಿನ ಮುಂದೆ ನಿಂತಾಗ ವಿರೂಪಾಕ್ಷಪ್ಪನವರು ಕುರ್ಚಿಯಲ್ಲಿ ಆರಾಮವಾಗಿ ಒರಗಿ, ಅಡಿಕೆ ಬಾಯಿಗೆ ಹಾಕಿಕೊಂಡರು. ಹಿಂದೆ ನಿಂತಿದ್ದ ವೆಲ್ಡರುಗಳು ಬೀಡಿ ಸೇದಲು ಶೆಡ್ಡಿನ ಆಚೆ ಹೋದರು. ಎಲ್ಲರೂ ದೀರ್ಘ ಪ್ರಯಾಣಕ್ಕೆ ಸಿದ್ಧರಾದವರಂತೆ ಕಂಡರು.

ನಾನು ಕೈ ಮುಗಿದು, "ಈ ಬಂಡಿಯನ್ನು ಎಬ್ಬಿಸಿದ ಕೈಗಳಿಗೆ ನನ್ನ ನಮಸ್ಕಾರ. ಮಾತು ಸಾಕು, ಗಾಡಿ ಹೊರಡಲಿ" ಎಂದು ಹೇಳಿ ಹಸಿರು ಬಾವುಟಕ್ಕೆ ಕೈ ಹಾಕಿದೆ.

ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನವರು ನನಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂಬಂತೆ ನೋಡಿದರು. ಗಿರಿಜಾ ಎಂಜಿನ್ನಿನಿಂದ ಸರಕ್ಕನೆ ತಲೆ ಹೊರಗೆ ಹಾಕಿದಳು. ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಕೃತಜ್ಞತೆ ಇರಲಿಲ್ಲ, ಇದ್ದದ್ದು ಗಾಬರಿ. ಬಾವುಟ ಅರ್ಧ ಮೇಲೆದ್ದಿರಬಹುದು, ಅಷ್ಟರಲ್ಲಿ ವಿರೂಪಾಕ್ಷಪ್ಪನವರು ಆ ಭಾರವಾದ ಮೈಯನ್ನು ಹೇಗೆ ಹಾರಿಸಿದರೋ, ವೇದಿಕೆಗೆ ಬಂದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಎತ್ತಬ್ಯಾಡ್ರಿ ಸರ, ನಿಮ್ಮ ಕಾಲಿಗೆ ಬೀಳ್ತೀನಿ, ಎತ್ತಬ್ಯಾಡ್ರಿ" ಎಂದರು ಮೈಕಿಗೆ ಕೈ ಅಡ್ಡ ಹಿಡಿದು.

"ಯಾಕೆ, ಏನಾಯಿತು?"

"ಹಬಿ ಎದ್ದಿಲ್ರಿ. ಮುಳ್ಳು ಇನ್ನಾ ಅರ್ಧಕ್ಕ ಐತಿ."

"ನಾನು ಹತ್ತು ನಿಮಿಷ ಮಾತನಾಡಿದ್ದರೂ ಎದ್ದಿರುತ್ತಿರಲಿಲ್ಲವಲ್ಲ ಹಾಗಾದರೆ?"

ವಿರೂಪಾಕ್ಷಪ್ಪನವರು ನೆಲ ನೋಡಿದರು. "ಹತ್ತು ನಿಮಿಷ ಅಂತ ಬಾಯಿಮಾತಿಗೆ ಅಂದಿದ್ವಿರಿ. ಮೇಡಂ ಅವರು, 'ನಮ್ಮನಿಯವ್ರ ಭಾಷಣ ಅಂದ್ರ ಮುಕ್ಕಾಲು ತಾಸು ಹಿಡೀರಿ, ಅದಕ್ಕ ಸರಿಯಾಗಿ ನಾನು ಬೆಂಕಿ ಕಟ್ತೀನಿ' ಅಂದ್ರು. ನಾವೂ ನಿಮ್ಮ ಭಾಷಣ ಕೇಳಿದವರ ಅಲ್ರಿ? 'ಹೌದ್ರಿ ಮೇಡಂ, ಮುಕ್ಕಾಲು ತಾಸಿಗೆ ಕಮ್ಮಿ ಇಲ್ಲ' ಅಂದ್ವಿ. ನಿಮ್ಮ ಮಕದ ಮುಂದ ಹೆಂಗ ಹೇಳೋದು, ತಿಳೀಲಿಲ್ಲ."

ಪ್ರಿಯ ಓದುಗರೇ, ಮನುಷ್ಯನೊಬ್ಬನ ದೌರ್ಬಲ್ಯದ ಮೇಲೆ ಅವನ ಬಂಧುಮಿತ್ರರು ಎಷ್ಟು ನಂಬಿಕೆಯಿಟ್ಟಿರುತ್ತಾರೆಂಬುದು ಅವನು ತಿದ್ದಿಕೊಂಡ ದಿನವೇ ತಿಳಿಯುವುದು. ಕೆಟ್ಟ ಸುದ್ದಿಯನ್ನು ಮುಖದ ಮೇಲೆ ಹೇಳಬಾರದೆಂಬ ನಮ್ಮ ಸೀಮೆಯ ಮರ್ಯಾದೆ, ಒಳ್ಳೆಯದನ್ನು ಹೇಳದೆ ಮಾಡಬೇಕೆಂಬ ನನ್ನ ಆದರ್ಶ, ಇವೆರಡೂ ಎದುರುಬದುರಾಗಿ ಒಂದೇ ಹಳಿಯ ಮೇಲೆ ಬಂದು ನಿಂತಿದ್ದವು. ನಡುವೆ ಗಿರಿಜಾಳ ಒಂದು ವರ್ಷ.

ಮೇಲಿನಿಂದ ಮಹಬೂಬ್ ಸಾಹೇಬರ ದನಿ ಬಂತು. "ಏನ್ರಿ ವಿರೂಪಾಕ್ಷಪ್ಪ, ಭಾಷಣ ಮುಗೀತಾ?"

ವಿರೂಪಾಕ್ಷಪ್ಪನವರು ಒಂದು ಕ್ಷಣವೂ ತಡಮಾಡಲಿಲ್ಲ. "ಎಲ್ಲಿ ಮುಗೀತದ್ರಿ ಸಾಹೇಬ್ರ? ಈಗ ಆಗಿದ್ದು ಪೀಠಿಕಿ."

ಸಾಹೇಬರು ನನ್ನನ್ನು ನೋಡಿದರು. ಬೂದುಬಣ್ಣದ ಮೀಸೆಯ ಒಂದು ತುದಿ ಸ್ವಲ್ಪ ಅಲುಗಿದಂತೆ ಕಂಡಿತು. "ಹಂಗಾರ ಭಾಷಣ ಸುರು ಮಾಡ್ರಿ ಸಾರ್" ಎಂದರು.

ನನ್ನ ಸಾರ್ವಜನಿಕ ಜೀವನದಲ್ಲಿ ಮೊಟ್ಟಮೊದಲ ಬಾರಿಗೆ ಮಾತನಾಡೆಂದು ನನ್ನನ್ನು ಬೇಡಿಕೊಳ್ಳುತ್ತಿದ್ದರು. ಮೊಟ್ಟಮೊದಲ ಬಾರಿಗೆ ನನ್ನ ಬಳಿ ಹೇಳಲು ಒಂದು ಶಬ್ದವೂ ಇರಲಿಲ್ಲ. ಕತ್ತರಿಸಿ ಎಸೆದ ಇತಿಹಾಸ, ಪರಿಸರ, ಯುವಜನತೆಗಳನ್ನು ಮನಸ್ಸಿನಲ್ಲಿ ಹುಡುಕಿದೆ. ಇತಿಹಾಸದ ಒಂದು ತುಂಡು ಸಿಕ್ಕಿತು. ಉಗಿಯ ಶಕ್ತಿಯನ್ನು ಮಾನವನು ಅರಿತ ಬಗೆ ಎಂದು ಆರಂಭಿಸಿದೆ. ಮಾನವನು ಅದನ್ನು ಅರಿತು ಮುಗಿಸುವಷ್ಟರಲ್ಲಿ ಜನ ಅಲುಗಾಡತೊಡಗಿದರು. ಬೀಡಿ ಮುಗಿಸಿ ಬಂದ ವೆಲ್ಡರೊಬ್ಬ, "ಸರ, ಮೊದಲ ಮುಗಿಸಿದ್ರ್ಯಲ್ಲ, ಅದು ಮಸ್ತ್ ಇತ್ತು ನೋಡ್ರಿ" ಎಂದ. ವಿರೂಪಾಕ್ಷಪ್ಪನವರು ಎಂಜಿನ್ನಿನ ಪಕ್ಕದಲ್ಲಿ ನಿಂತು, ಮುಳ್ಳನ್ನು ನೋಡಿ, ನನಗೆ ಅಂಗೈ ಮೇಲೆತ್ತಿ ಮೇಲೆತ್ತಿ ತೋರಿಸುತ್ತಿದ್ದರು. ಇನ್ನೂ ಬೇಕು, ಇನ್ನೂ ಬೇಕು. ಅವರ ಹಿಂದೆ ಕುಲುಮೆಯ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತೆರೆದಾಗಲೆಲ್ಲ ಬೆಂಕಿಯ ಬೆಳಕು ಗಿರಿಜಾಳ ಮುಖದ ಮೇಲೆ ಬೀಳುತ್ತಿತ್ತು. ಅವಳು ಕೊರಡುಗಳನ್ನು ಒಂದೊಂದಾಗಿ, ಅವಸರವಿಲ್ಲದೆ, ಸರಿಯಾದ ಜಾಗಕ್ಕೆ ಎಸೆಯುತ್ತಿದ್ದಳು. ಗಾಬರಿ ಹೋಗಿತ್ತು. ಕರಿಹಲಗೆಯ ಮುಂದೆ ಕಠಿಣವಾದ ಲೆಕ್ಕವೊಂದನ್ನು ಬಿಡಿಸುವಾಗ ಇರುವ ಮುಖ ಅದು.

ಅದನ್ನು ನೋಡುತ್ತ ನಿಂತವನ ಬಾಯಿಂದ ಒಂದು ಮಾತು ತಾನಾಗಿ ಬಂತು: "ಈ ಬೆಂಕಿಯ ಮುಂದೆ ನಿಂತಿರುವವಳು ನನ್ನ ಹೆಂಡತಿ. ಕಲಿಯಲು ಹೋಗುತ್ತೇನೆಂದು ಹೇಳಿದಾಗ ನಾನು ಕೇಳಿದ್ದು ಊಟದ ವಿಷಯ."

ಅಲುಗಾಡುತ್ತಿದ್ದ ಜನ ನನ್ನ ಕಡೆ ತಿರುಗಿದರು. ಆಮೇಲೆ ಹೆಂಗಸರ ಕಡೆಯಿಂದ ನಗು ಎದ್ದಿತು. "ಉಪ್ಪಿಟ್ಟಿಂದೂ ಹೇಳ್ರಿ ಅಳಿಯಂದ್ರ, ಅದನ್ಯಾಕ ಮುಚ್ಚಿಡ್ತೀರಿ" ಎಂದು ಅತ್ತೆಯವರು ಕೊರಡಿನ ರಾಶಿಯ ಮೇಲಿನಿಂದ ಕೂಗಿದರು. ನಾನು ಉಪ್ಪಿಟ್ಟಿನ ವಿಷಯ ಹೇಳಿದೆ. ಮಸಿಯ ಜುಬ್ಬಾದ ವಿಷಯ ಹೇಳಿದೆ. ಕೈ ಸುಟ್ಟುಕೊಂಡು ಬಂದ ಭಾನುವಾರಗಳಲ್ಲಿ ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಉತ್ತರಪತ್ರಿಕೆ ತಿದ್ದಿದ್ದನ್ನು ಹೇಳಿದೆ. ನನ್ನಂಥವನು ವೇದಿಕೆಯ ಮೇಲೆ ಏರಿಸಿ ಇಳಿಸಿದ ಸಮಾನತೆಯನ್ನು ಇವಳು ಕೊರಡಿನಂತೆ ಹೊತ್ತು ತಂದು ಬೆಂಕಿಗೆ ಹಾಕಿ ಗಾಲಿ ತಿರುಗಿಸಲು ಹೊರಟಿದ್ದಾಳೆಂದು ಹೇಳಿದೆ. ಯಾರೂ ಚೀಟಿ ಕಳಿಸಲಿಲ್ಲ. ನಾನು ಎಂದೂ ಬಳಸದ ಸಣ್ಣ ಸಣ್ಣ ಶಬ್ದಗಳು ಬರತೊಡಗಿದವು. ಎಷ್ಟು ಹೊತ್ತು ಮಾತನಾಡಿದೆನೋ ತಿಳಿಯದು. ಇಂಥ ಭಾಷಣ ನಾನು ಮಾಡಿರಲಿಲ್ಲ, ಇನ್ನು ಮಾಡಲಾರೆ ಎಂಬುದು ಮಾತ್ರ ಮಾತನಾಡುತ್ತಿರುವಾಗಲೇ ತಿಳಿದಿತ್ತು. ಕಡೆಗೆ, ಇಡೀ ಜೀವನದ ಚಿಂತನೆಯೆಲ್ಲ ಒಂದು ಬಿಂದುವಿಗೆ ಬಂದು ನಿಂತಿತು. ನನ್ನ ಬಲಗೈ ಮೇಲೆದ್ದಿತು. "ಬಂಧುಗಳೇ, ಇಷ್ಟು ವರ್ಷ ಮಾತನಾಡಿದ ಮೇಲೆ ಇವತ್ತು ನನಗೆ ಅರ್ಥವಾಯಿತು. ಸಮಾನತೆ ಎಂದರೆ..."

ವಿರೂಪಾಕ್ಷಪ್ಪನವರ ಅಂಗೈ ಕೆಳಗೆ ತಿರುಗಿತು. ಮುಳ್ಳು ಗುರುತಿಗೆ ಬಂದಿತ್ತು. ಇನ್ನೊಂದು ವಾಕ್ಯ ಹೇಳಿದರೆ ವಾಲ್ವು ಹಾರುತ್ತದೆ. ನಾನು ಆ ವಾಕ್ಯವನ್ನು ಅಲ್ಲೇ ಬಿಟ್ಟು ಬಾವುಟ ಎತ್ತಿದೆ. ಕೆಂಪವ್ವ ಸಂಡೂರಿನ ಗುಡ್ಡಗಳಿಗೆ ಕೇಳುವಂತೆ ಕೂಗಿ, ಒಂದು ಸಲ ಮೈ ಕೊಡವಿ, ನಿಂತ ಕಾಲಲ್ಲೇ ಹೊರಟಿತು. ಸಭೆಗೆ ಸಭೆಯೇ ಎದ್ದು ಬೋಗಿಯ ಕಡೆ ಓಡಿತು. ಸಮಾನತೆ ಎಂದರೆ ಏನೆಂದು ತಿಳಿಯುವ ಕುತೂಹಲ ಒಬ್ಬರಲ್ಲೂ ಉಳಿದಿರಲಿಲ್ಲ. ನನ್ನನ್ನು ಆ ವೆಲ್ಡರನೇ ತೋಳು ಹಿಡಿದು ಮೇಲಕ್ಕೆಳೆದುಕೊಂಡ.

ಹಳಿ ಉದ್ದವಿಲ್ಲ. ಒಂದು ಸಣ್ಣ ದಿಬ್ಬ ಹತ್ತಿ, ಲಾರಿಗಳ ರಸ್ತೆಯ ಪಕ್ಕ ಸ್ವಲ್ಪ ದೂರ ಓಡಿ, ಜೋಳದ ಹೊಲಗಳ ನಡುವೆ ಮುಗಿಯುತ್ತದೆ; ಬಂಡಿ ಅದೇ ಹಳಿಯ ಮೇಲೆ ಹಿಂದಕ್ಕೆ ಬರುತ್ತದೆ. ಅಂದು ಆ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ನಿಂತಿತ್ತು. ಡ್ರೈವರುಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಂಜಿನ್ನಿನಲ್ಲಿ ನಿಂತ ಹೆಂಗಸನ್ನು ನೋಡಿ, ಒಬ್ಬರಾದ ಮೇಲೊಬ್ಬರು ಹಾರನ್ ಬಾರಿಸಿದರು. ಕೆಂಪವ್ವ ಉತ್ತರ ಕೊಟ್ಟಿತು. ಹೊಗೆಯಲ್ಲಿ ಅಕ್ಕಿ ಗಿರಣಿಯ ವಾಸನೆ ಇತ್ತು. ಬೋಗಿಯಲ್ಲಿದ್ದ ಎಲ್ಲರ ಕೈಗಳಲ್ಲೂ ಬೆಳಗಿನ ಕೆಲಸದ ಮಸಿ, ಹುಣಸೆಹಣ್ಣಿನ ಅಂಟು. ಎಲ್ಲರೂ ಗಾಡಿ ತಮ್ಮದೇ ಎಂಬಂತೆ ಕೂತಿದ್ದರು, ತಮ್ಮದೇ ಆಗಿತ್ತು. ಈ ಸೀಮೆಯಿಂದ ಅದಿರು ಹೋಗಿದೆ, ಅಕ್ಕಿ ಹೋಗಿದೆ, ಸಕ್ಕರೆ ಹೋಗಿದೆ. ಎಲ್ಲಿಗೂ ಹೋಗದೆ, ಏನನ್ನೂ ಹೊರದೆ, ಸುಮ್ಮನೆ ನಮ್ಮ ಸಂತೋಷಕ್ಕಾಗಿ ಓಡುವ ಒಂದು ಬಂಡಿ ನಮಗಿರುವುದು ಎಷ್ಟು ದೊಡ್ಡ ಸಿರಿವಂತಿಕೆ ಎಂದು ನನಗೆ ಅನ್ನಿಸಿತು. ಪಕ್ಕದವರಿಗೆ ಹೇಳಲು ತಿರುಗಿದೆ. ಅವರು ಹಾಡುತ್ತಿದ್ದರು.

ಬಂಡಿ ಶೆಡ್ಡಿಗೆ ಮರಳಿದ ಮೇಲೆ ಎಲ್ಲರೂ ಎಂಜಿನ್ನಿನ ಸುತ್ತ ನಿಂತರು. ಮಹಬೂಬ್ ಸಾಹೇಬರು ಇಳಿದು, ಕೈ ಒರೆಸಿಕೊಂಡು, ಕನ್ನಡಕ ಒರೆಸಿಕೊಂಡರು. ಯಾರೋ ಮೆಲ್ಲಗೆ, "ಅದು, ಪೀಠಿಕಿ ಆದ ಮ್ಯಾಲ ಸ್ವಲ್ಪ ತಡಾ ಆತಲ್ರಿ ಸಾಹೇಬ್ರ" ಎಂದು ತೊದಲಿದರು.

"ಅಯ್ಯ, ನಾನೇನು ಕುರುಡನಾ?" ಎಂದರು ಸಾಹೇಬರು. "ಫೈರ್‌ಮನ್ ಅನ್ನೋನು ಮುಂದಿನ ದಾರಿ ನೋಡಿ ಬೆಂಕಿ ಹಾಕ್ತಾನ. ಇಂಥ ಕಡೆ ದಿಬ್ಬ ಐತಿ ಅಂತ ಗೊತ್ತಿರ್ತದ, ಅದಕ್ಕ ತಕ್ಕಂಗ ಹಬಿ ಕಟ್ತಾನ. ಇಷ್ಟು ವರ್ಷ ಅಲ್ಲೇ ಇದ್ದ ದಿಬ್ಬ ಒಂದಿನ ಒಮ್ಮೆಗೇ ಮಾಯ ಆದ್ರ ಫೈರ್‌ಮನ್ ಏನ್ ಮಾಡಬೇಕು? ತಪ್ಪು ದಿಬ್ಬದ್ದು." ನನ್ನತ್ತ ಓರೆಗಣ್ಣಿನಿಂದ ನೋಡಿ, ಆಮೇಲೆ ಗಿರಿಜಾಳ ಕಡೆ ತಿರುಗಿ, "ಬರೋ ಭಾನುವಾರ ಜಲ್ದಿ ಬರ್ರಿ ಅಮ್ಮಾ. ಬೆಂಕಿ ನೀವ ಹಚ್ಚೋದು" ಎಂದರು. ವಿರೂಪಾಕ್ಷಪ್ಪನವರು ಅಲ್ಲಿದ್ದವರಿಗೆಲ್ಲ ಮಂಡಕ್ಕಿಯ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ಹಂಚಿಸಿದರು. ಅತ್ತೆಯವರು ಒಂದು ಮಿರ್ಚಿಯನ್ನು ಕೆಂಪವ್ವನ ಮುಂದೆಯೂ ಇಟ್ಟು ಕೈ ಮುಗಿದರು.

ವಾಪಸು ಬರುವಾಗ ಗಿರಿಜಾ ಕಾರಿನಲ್ಲಿ ನನ್ನ ಪಕ್ಕ ಕುಳಿತಿದ್ದಳು, ಅತ್ತೆಯವರು ಹಿಂದೆ. ಹೆದ್ದಾರಿಗೆ ಬರುವವರೆಗೆ ನಾನು ಕಾದೆ. ಇಡೀ ಜಿಲ್ಲೆಯ ಎದುರು ಒಬ್ಬ ಗಂಡ ತನ್ನ ಹೆಂಡತಿಯನ್ನು ಹಾಗೆ ಹೊಗಳಿದ್ದು ಸಾಮಾನ್ಯವಲ್ಲ. ಅವಳೇ ವಿಷಯ ಎತ್ತಲೆಂದು ಎರಡು ಸಲ ಗಂಟಲು ಸರಿಪಡಿಸಿಕೊಂಡೆ. ಕಡೆಗೆ ನಾನೇ ಕೇಳಿದೆ: "ನಾನು ಮಾತಾಡಿದ್ದು ಹೆಂಗಿತ್ತು?"

"ಎಲ್ಲಿ ಕೇಳಸ್ತದ್ರಿ?" ಎಂದಳು ಗಿರಿಜಾ ಆಕಳಿಸುತ್ತ. "ಉರಿಗೆ ಗಾಳಿ ಬಿಟ್ಟ ಮ್ಯಾಲ ಎಂಜಿನ್ನಿನಾಗ ಬರೇ ಭುಸ್ ಅಂತ ಸಪ್ಪಳ. ಒಂದಕ್ಷರ ಕೇಳಲಿಲ್ಲ. ನಿಮ್ಮ ಕೈ ಆಡೋದು ಕಾಣ್ತಿತ್ತು. ಆಡಾಕ ಹತ್ತೈತಿ, ಇನ್ನಾ ಟೈಮ್ ಐತಿ ಅಂತ ಧೈರ್ಯ ಇತ್ತು." ಸೀಟಿಗೆ ತಲೆ ಒರಗಿಸಿದಳು. "ಭಾಳ ಉಪಕಾರ ಆತು ನೋಡ್ರಿ" ಎಂದಳು.

ನಾನು ಒಂದೆರಡು ಲಾರಿಗಳನ್ನು ಹಿಂದಿಕ್ಕಿದೆ. ಆಮೇಲೆ, ಪರವಾಗಿಲ್ಲ, ಈಗಲೇ ಹೇಳುತ್ತೇನೆ ಎಂದು ಅವಳ ಕಡೆ ನೋಡಿದೆ. ಹಣೆಯ ಮಸಿಯನ್ನೂ ಒರೆಸಿಕೊಳ್ಳದೆ ಗಾಢವಾಗಿ ನಿದ್ದೆ ಹೋಗಿದ್ದಳು.

"ಮಲ್ಕೊಂಡ್ಳು ಬಿಡ್ರಿ ಪಾಪ" ಎಂದರು ಹಿಂದಿನಿಂದ ಅತ್ತೆಯವರು. "ನನಗ ಹೇಳ್ರಿ ಅಳಿಯಂದ್ರ. ಅಲ್ಲಿ ಕೊರಡು ಎಣಿಸೋ ಗದ್ದಲದಾಗ ನಾನೂ ಅರ್ಧಮರ್ಧ ಕೇಳೀನಿ. ಕಣ್ಣು ಮುಚ್ಕೊಂಡು ಕೇಳ್ತೀನಿ, ನೀವು ಬಿಡಬ್ಯಾಡ್ರಿ."

ನಾನು ಮೊದಲಿನಿಂದ ಆರಂಭಿಸಿದೆ. ಉಪ್ಪಿಟ್ಟಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದಲೂ ಸಣ್ಣ ಗೊರಕೆ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ, ಹೊಸಪೇಟೆ ಮುಟ್ಟುವವರೆಗೆ ಒಂದು ಅಂಶವನ್ನೂ ಬಿಡದೆ, ಸಮಾನತೆ ಎಂದರೆ ಏನೆಂಬುದನ್ನೂ ಸೇರಿಸಿ, ಪೂರ್ತಿ ಹೇಳಿ ಮುಗಿಸಿದೆ. ಸಭಿಕರಲ್ಲಿ ಒಬ್ಬರೂ ನಡುವೆ ಎದ್ದು ಹೋಗಲಿಲ್ಲ.